ಚಮಚದಲ್ಲಿ ಅಳೆಯಬಾರದ ಬೇರು

ಕಳೆದ ವರ್ಷ ಮಳೆಗಾಲದ ಮಾತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಮೂರು ದಿನದಿಂದ ಹೋಂವರ್ಕ್ ಮಾಡಿಕೊಂಡು ಬಂದಿರಲಿಲ್ಲ. ಕಿವಿ ಹಿಂಡುವ ಕಾಲ ಹೋಯಿತಲ್ಲ, ಪಕ್ಕಕ್ಕೆ ಕರೆದು ಕೇಳಿದೆ. ‘ಸರ್, ಮನೇಲಿ ಅಪ್ಪಂಗೆ ಹುಷಾರಿಲ್ಲ’ ಎಂದ. ಏನಾಗಿದೆ ಎಂದರೆ, ‘ಒಂದು ತಿಂಗಳಿಂದ ಮೂಗು ಕಟ್ಟಿದೆ ಸರ್. ಯಾವಾಗ ನೋಡಿದರೂ ನಿದ್ದೆ. ಎದ್ದಿದ್ದರೂ ಮಾತಾಡಲ್ಲ, ಸುಮ್ನೆ ಗೋಡೆ ನೋಡ್ತಾ ಕೂತಿರ್ತಾರೆ’ ಎಂದ.

ಹುಡುಗನ ತಂದೆ ನನಗೆ ಪರಿಚಯದವರೇ. ಗದಗದ ಕಡೆಯಿಂದ ಬಂದು ಇಪ್ಪತ್ತು ವರ್ಷದಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದಾರೆ. ದಪ್ಪ ತಗಡನ್ನು ಒಂದೇ ಏಟಿಗೆ ಕತ್ತರಿಸುವ ಯಂತ್ರ ಅದು. ಅದರ ಮುಂದೆ ನಿಂತು ತೂಕಡಿಸಿದವನಿಗೆ ಬೆರಳು ಉಳಿಯುವುದಿಲ್ಲ. ಆ ಭಾನುವಾರ ಚೊಕ್ಕಸಂದ್ರದ ಅವರ ಮನೆಗೆ ಹೋದೆ. ಮನುಷ್ಯ ಗೋಡೆಗೆ ಒರಗಿ ಕುಳಿತಿದ್ದರು. ‘ಬರ್ರಿ ಸರ’ ಎಂದ ದನಿಯೂ ಮೂಗಿನಿಂದಲೇ ಬಂತು. ದೇವರ ಪಟದ ಕೆಳಗಿನ ಗೂಡಿನಲ್ಲಿ ಒಂದು ಗಾಜಿನ ಬಾಟಲಿ, ಅದರಲ್ಲಿ ಮಾಸಲು ಕಂದು ಪುಡಿ.

‘ಇದೇನು?’

‘ಸರ್ಪಗಂಧರಿ ಸರ. ಬಿ.ಪಿ.ಗೆ ಚಲೋ ಅಂತ. ಜಾಲಹಳ್ಳಿ ಕ್ರಾಸ್‌ನ್ಯಾಗ ಬೇರು ಮಾರ್ತಾರಲ್ರಿ, ಅವ್ರು ಕುಟ್ಟಿ ಕೊಟ್ರು. ಮುಂಜಾನಿ ಒಂದ್ ಚಮಚ, ಸಂಜಿಕ ಒಂದ್ ಚಮಚ.’

‘ಡಾಕ್ಟರು ಕೊಟ್ಟ ಗುಳಿಗೆ?’

‘ಅದನೂ ತಗೋತೀನ್ರಿ. ಇದು ಗಿಡಮೂಲಿಕಿ ಐತಲ್ರಿ, ಇದಕ್ಕೇನ್ ಆಗ್ತೈತಿ?’

ನಾನು ವೈದ್ಯನಲ್ಲ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿ, ಬಿ.ಎಡ್. ಮಾಡಿಕೊಂಡು ಮೇಷ್ಟರಾದವನು. ಆದರೆ ಅಂದು ನಮಗೆ ಪಾಠ ಹೇಳಿದ ಅಧ್ಯಾಪಕರೊಬ್ಬರ ಮಾತು ತಟ್ಟನೆ ನೆನಪಾಯಿತು: ‘ಸರ್ಪಗಂಧ ಹೆಚ್ಚಾದವನನ್ನು ಮೂಗಿನಿಂದಲೇ ಗುರುತು ಹಿಡಿಯಬಹುದು ಕಣ್ರಯ್ಯ.’ ಬಾಟಲಿಯ ಸಮೇತ ಅವರನ್ನು ಆಟೊದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ನಾಡಿ ನಿಮಿಷಕ್ಕೆ ಐವತ್ತಕ್ಕಿಂತ ಕೆಳಗಿತ್ತು. ಕುಳಿತವರನ್ನು ಎದ್ದು ನಿಲ್ಲಿಸಿದರೆ ಕಣ್ಣು ಕತ್ತಲೆ. ವೈದ್ಯರು ಬಾಟಲಿ ನೋಡಿ, ಮೂಸಿ, ‘ಇದನ್ನು ಮೊದಲು ನಿಲ್ಲಿಸಿ’ ಎಂದು ಎರಡು ದಿನ ಅಲ್ಲೇ ಇರಿಸಿಕೊಂಡರು.

‘ಗಿಡಮೂಲಿಕಿ ಐತಲ್ರಿ, ಇದಕ್ಕೇನ್ ಆಗ್ತೈತಿ?’ ಈ ಪ್ರಶ್ನೆ ಅವರೊಬ್ಬರದಲ್ಲ. ಕಾರ್ಖಾನೆಯ ಕೆಲಸಗಾರರಿಂದ ಹಿಡಿದು ವೈಟ್‌ಫೀಲ್ಡಿನ ಕಂಪ್ಯೂಟರ್ ಎಂಜಿನಿಯರ್‌ಗಳವರೆಗೆ ಎಲ್ಲರೂ ಕೇಳುವುದೇ. ಉತ್ತರ ಹೇಳಲು ಸರ್ಪಗಂಧಕ್ಕಿಂತ ಒಳ್ಳೆಯ ಗಿಡ ಇನ್ನೊಂದು ಸಿಗಲಾರದು. ಏಕೆಂದರೆ ಇದು ಪೊಳ್ಳು ಔಷಧವಲ್ಲ. ಜಗತ್ತಿನ ವೈದ್ಯಶಾಸ್ತ್ರದ ದಿಕ್ಕನ್ನೇ ಒಮ್ಮೆ ಬದಲಿಸಿದ ಗಿಡ. ಅದು ವಿಷವಾಗಬಲ್ಲದ್ದೂ ಅದೇ ಕಾರಣಕ್ಕೆ.

ಮೂರು ಎಲೆ, ನಾಲ್ಕು ಎಲೆ

ಸರ್ಪಗಂಧ ಕಾಡಿನ ನೆರಳಿನಲ್ಲಿ ಬೆಳೆಯುವ ಪುಟ್ಟ ಪೊದೆ. ಮೊಣಕಾಲೆತ್ತರ, ಹೆಚ್ಚೆಂದರೆ ಸೊಂಟದೆತ್ತರ. ನಮ್ಮ ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿ, ಹಿಮಾಲಯದ ತಪ್ಪಲಿನಲ್ಲಿ, ಈಶಾನ್ಯ ರಾಜ್ಯಗಳಲ್ಲಿ, ಬರ್ಮಾ, ಶ್ರೀಲಂಕೆಗಳಲ್ಲಿ ಇದರ ವಾಸ. ಒಂದೊಂದು ಗಿಣ್ಣಿಗೆ ಸಾಮಾನ್ಯವಾಗಿ ಮೂರು ಎಲೆಗಳು ಸುತ್ತುವರಿದಿರುತ್ತವೆ. ಎಲೆಯ ಮೇಲ್ಭಾಗ ಕಡುಹಸಿರು, ತಳಭಾಗ ಪೇಲವ. ಹೂವು ಬಿಳಿ, ಅದರಲ್ಲೊಂದಿಷ್ಟು ಗುಲಾಬಿ ಛಾಯೆ. ತೊಟ್ಟು ಮಾತ್ರ ಕುಂಕುಮ ಕೆಂಪು. ಹಣ್ಣು ಬಟಾಣಿ ಗಾತ್ರದ್ದು, ಬಲಿತರೆ ನೇರಳೆ ಮಿಶ್ರಿತ ಕಪ್ಪು. ನೋಡಲು ಇಷ್ಟು ಚೆಂದದ ಗಿಡದ ಮಹಿಮೆಯೆಲ್ಲ ಇರುವುದು ನೆಲದ ಕೆಳಗೆ, ಹಾವಿನಂತೆ ತಿರುಚಿಕೊಂಡ ಬೇರಿನಲ್ಲಿ. ಅದರಲ್ಲೂ ಬೇರಿನ ಸಿಪ್ಪೆಯಲ್ಲಿ. ನಾಲಿಗೆಗಿಟ್ಟರೆ ಕಡುಕಹಿ. ಹೆಸರಿನಲ್ಲಿ ‘ಗಂಧ’ ಇದ್ದರೂ ಒಣಗಿದ ಬೇರಿಗೆ ವಾಸನೆ ಇಲ್ಲವೇ ಇಲ್ಲ ಎನ್ನಬಹುದು.

ಸಸ್ಯಶಾಸ್ತ್ರಜ್ಞರು ಇದನ್ನು ರಾವೋಲ್ಫಿಯ ಸರ್ಪೆಂಟಿನ ಎನ್ನುತ್ತಾರೆ. ರಾವೋಲ್ಫ್ ಹದಿನಾರನೇ ಶತಮಾನದ ಒಬ್ಬ ಜರ್ಮನ್ ವೈದ್ಯ. ಔಷಧಿ ಗಿಡಗಳನ್ನು ಹುಡುಕಿಕೊಂಡು ಸಿರಿಯಾ, ಇರಾಕ್‌ವರೆಗೆ ಹೋಗಿಬಂದವನು. ಭಾರತಕ್ಕೆ ಕಾಲಿಟ್ಟವನಲ್ಲ, ಈ ಗಿಡವನ್ನು ಕಂಡವನೂ ಅಲ್ಲ! ಪ್ಲೂಮಿಯೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ 1703ರಲ್ಲಿ ಅವನ ಗೌರವಾರ್ಥ ಒಂದು ಸಸ್ಯಕುಲಕ್ಕೆ ಆ ಹೆಸರಿಟ್ಟ. ನಮ್ಮ ಸರ್ಪಗಂಧ ಆಮೇಲೆ ಆ ಕುಲಕ್ಕೆ ಸೇರಿತು. ಇದರ ವಂಶ ಕಣಗಿಲೆಯದು. ನಂದಿಬಟ್ಟಲು, ಅಂಗಳದ ನಿತ್ಯಪುಷ್ಪ ಎಲ್ಲವೂ ಇದರ ದಾಯಾದಿಗಳೇ. ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ಔಷಧ ಸಿಕ್ಕಿತು. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳ ರಸ್ತೆ ವಿಭಜಕದಲ್ಲಿ ದೂಳು ಕುಡಿದು ನಿಂತಿರುವ ಕಣಗಿಲೆಯಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ವಿಷ ತಯಾರಿಸುವುದರಲ್ಲಿ ಎತ್ತಿದ ಕೈ ಈ ಮನೆತನ. ಗಿಡ ಓಡಿಹೋಗಲಾರದಲ್ಲ, ಹುಳು ಮತ್ತು ದನಗಳಿಂದ ಪಾರಾಗಲು ಅದಕ್ಕೆ ರಸಾಯನಶಾಸ್ತ್ರವೇ ಗತಿ.

ಹೆಸರಿನ ಗೊಂದಲ ಇನ್ನೂ ಇದೆ. ಸರ್ಪಗಂಧವನ್ನು ನಮ್ಮಲ್ಲಿ ಸೂತ್ರನಾಭಿ ಎನ್ನುವವರುಂಟು, ಪಾತಾಳಗರುಡ ಎನ್ನುವವರೂ ಉಂಟು. ಆದರೆ ಪಾತಾಳಗರುಡಿ ಎಂದು ಸಂಸ್ಕೃತದ ವೈದ್ಯರು ಕರೆಯುವುದು ಬೇರೆಯದೇ ಒಂದನ್ನು, ನಮ್ಮ ಬೇಲಿಗಳಲ್ಲಿ ಹಬ್ಬುವ ದಾಗಡಿ ಬಳ್ಳಿಯನ್ನು. ಹೆಸರು ಹೇಳಿ ಬೇರು ಕೊಂಡರೆ ಯಾವುದು ಕೈಗೆ ಬರುತ್ತದೆ?

ಅದಕ್ಕಿಂತ ದೊಡ್ಡ ಗೊಂದಲ ನಮ್ಮ ಶಾಲೆಯ ಕಾಂಪೌಂಡಿನ ಆಚೆಯೇ ಇತ್ತು. ಈ ಘಟನೆಯ ನಂತರ ಮಕ್ಕಳಿಗೆ ಸರ್ಪಗಂಧದ ಚಿತ್ರ ಬರೆದು ತೋರಿಸಿದೆ. ಮರುದಿನವೇ ಇಬ್ಬರು ಹುಡುಗಿಯರು ಓಡಿಬಂದು, ‘ಸರ್, ಆ ಗಿಡ ಪಕ್ಕದ ಖಾಲಿ ಸೈಟಲ್ಲಿದೆ’ ಎಂದರು. ಹೋಗಿ ನೋಡಿದರೆ ಪೊದೆಯ ತುಂಬ ಹಸಿರು, ಕೆಂಪು, ಕಪ್ಪು ಕಾಯಿಗಳು. ಎಲೆ ಎಣಿಸಿ ಎಂದೆ. ‘ನಾಲ್ಕು ಸರ್. ಎರಡು ದೊಡ್ಡದು, ಎರಡು ಚಿಕ್ಕದು.’ ಅಲ್ಲಿಗೆ ಗುಟ್ಟು ಬಯಲಾಯಿತು. ಇದು ರಾವೋಲ್ಫಿಯ ಟೆಟ್ರಾಫಿಲ್ಲ. ಟೆಟ್ರಾಫಿಲ್ಲ ಎಂದರೇ ನಾಲ್ಕೆಲೆಯದು. ಹೂವು ಸಣ್ಣದು, ಹಸಿರು ಬೆರೆತ ಬಿಳಿ. ಕೆಂಪು ತೊಟ್ಟಿನ ಬೆಡಗು ಇದಕ್ಕಿಲ್ಲ. ಮೂಲ ಊರು ಅಮೆರಿಕ ಖಂಡದ ಉಷ್ಣವಲಯ. ಯಾವಾಗಲೋ ಬಂದು ದಕ್ಷಿಣ ಭಾರತದ ಬಯಲುಗಳಲ್ಲಿ ಬೇರೂರಿದೆ. ಇದರಲ್ಲೂ ಅದೇ ಬಗೆಯ ಕ್ಷಾರವಸ್ತುಗಳಿವೆ, ಆದರೆ ಪ್ರಮಾಣ ಬೇರೆ, ಬೆರಕೆ ಬೇರೆ. ಸರ್ಪಗಂಧದ ಹೆಸರಿನಲ್ಲಿ ಈ ನಾಲ್ಕೆಲೆಯದರ ಬೇರನ್ನು ಮಾರುವುದು ಗಿಡಮೂಲಿಕೆ ವ್ಯಾಪಾರದಲ್ಲಿ ಹಳೆಯ ಕತೆ. ಕಪ್ಪು ಹಣ್ಣು ಹಿಸುಕಿದರೆ ಶಾಯಿಯಂಥ ರಸ ಬರುತ್ತದೆ. ಮಕ್ಕಳು ಅದರಲ್ಲಿ ಆಟವಾಡಲು ಬಿಡಬಾರದು, ಬಾಯಿಗೆ ಹಾಕಲು ಖಂಡಿತ ಬಿಡಬಾರದು. ಆ ಸೈಟಿನ ಮಾಲೀಕರಿಗೆ ಹೇಳಿ ಶಾಲೆಯ ಕಡೆಗಿದ್ದ ಪೊದೆಗಳನ್ನು ಕೀಳಿಸಿದೆವು. ಒಂದನ್ನು ಉಳಿಸಿಕೊಂಡು ಬೇಲಿ ಕಟ್ಟಿದ್ದೇವೆ, ಎಲೆ ಎಣಿಸುವುದಕ್ಕೆ.

ಹಾವಿನ ಬೇರು, ಹುಚ್ಚಿನ ಬೇರು

ಸರ್ಪಗಂಧಕ್ಕೆ ಆ ಹೆಸರು ಬಂದದ್ದು ಹಾವಿನ ವಿಷಕ್ಕೆ ಮದ್ದು ಎಂಬ ನಂಬಿಕೆಯಿಂದ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಾವು ಕಡಿತಕ್ಕೆ ಬಳಸುವ ಬೇರುಗಳ ವರ್ಣನೆಯಿದೆ. ಅವುಗಳಲ್ಲೊಂದು ಸರ್ಪಗಂಧವೆಂದು ವಿದ್ವಾಂಸರ ಅಭಿಪ್ರಾಯ. ಮುಂಗುಸಿ ಹಾವಿನೊಡನೆ ಕಾದಾಡುವ ಮೊದಲು ಈ ಎಲೆ ತಿಂದು ಹೋಗುತ್ತದೆ ಎಂಬ ಕತೆಯನ್ನು ನಾನೂ ಚಿಕ್ಕಂದಿನಲ್ಲಿ ಅಜ್ಜಿಯಿಂದ ಕೇಳಿದ್ದೇನೆ. ಕತೆ ಸೊಗಸಾಗಿದೆ. ಆದರೆ ಈ ಬೇರು ಹಾವಿನ ವಿಷವನ್ನು ಇಳಿಸುವುದಿಲ್ಲ. ಮೊದಲೇ ರಕ್ತದೊತ್ತಡ ಕುಸಿಯುತ್ತಿರುವವನಿಗೆ ಅದನ್ನು ಇನ್ನಷ್ಟು ಇಳಿಸುವ ಬೇರು ಕೊಟ್ಟರೆ ಏನಾದೀತು ಎಂದು ನೀವೇ ಯೋಚಿಸಿ. ಹಾವು ಕಡಿದವನಿಗೆ ಬೇಕಾದದ್ದು ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದು ಮಾತ್ರ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ: ಎಲ್ಲಿ, ಎಷ್ಟು ಜನಕ್ಕೆ ಕಡಿಯುತ್ತಿದೆ ಎಂದು ಗೊತ್ತಾದರೆ ತಾನೇ ಅಲ್ಲಿಗೆ ಮದ್ದು ಕಳಿಸುವುದು?

ಆದರೆ ಹಳಬರ ಇನ್ನೊಂದು ತಿಳಿವಳಿಕೆ ಸುಳ್ಳಾಗಲಿಲ್ಲ. ಬಿಹಾರದ ಕಡೆ ಇದನ್ನು ‘ಪಾಗಲ್ ಕಾ ದವಾ’, ಅಂದರೆ ಹುಚ್ಚಿನ ಮದ್ದು ಎಂದೇ ಕರೆಯುತ್ತಿದ್ದರು. ರೇಗಾಡುವವರನ್ನು, ನಿದ್ದೆಗೆಟ್ಟವರನ್ನು ಈ ಬೇರು ತಣ್ಣಗಾಗಿಸುತ್ತಿತ್ತು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ವೈದ್ಯರಿಬ್ಬರು ಹುಚ್ಚಿಗೂ ಏರಿದ ರಕ್ತದೊತ್ತಡಕ್ಕೂ ಇದು ಹೊಸ ಭಾರತೀಯ ಔಷಧ ಎಂದು ಲೇಖನ ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ಅವರ ಸಂಗಡಿಗ ರಫತ್ ಹುಸೇನ್ ಸಿದ್ದೀಕಿ ಬೇರಿನಿಂದ ಶುದ್ಧ ಕ್ಷಾರವಸ್ತುಗಳನ್ನು ಹರಳು ರೂಪದಲ್ಲಿ ಬೇರ್ಪಡಿಸಿದರು. ಒಂದಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. ತಮ್ಮನ್ನು ಈ ಕೆಲಸಕ್ಕೆ ಹಚ್ಚಿದ ಯುನಾನಿ ವೈದ್ಯ, ದೇಶಭಕ್ತ ಹಕೀಂ ಅಜ್ಮಲ್ ಖಾನರ ನೆನಪಿಗೆ. ಕಲ್ಕತ್ತೆಯಲ್ಲಿ ರಾಮನಾಥ ಚೋಪ್ರಾ ಅವರ ತಂಡ 1933ರಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ಬೇರಿನ ಸತ್ವ ರಕ್ತದೊತ್ತಡ ಇಳಿಸುವುದನ್ನು ಅಳೆದು ತೋರಿಸಿತು.

ಇಲ್ಲಿ ನಮ್ಮ ತುಮಕೂರು ರಸ್ತೆಗೆ ಒಂದು ನಂಟಿದೆ. ಮೆಟ್ರೊದಲ್ಲಿ ಪೀಣ್ಯ ದಾಟಿ ಮಾದಾವರದಲ್ಲಿ ಇಳಿದು ಹೆದ್ದಾರಿಯಲ್ಲಿ ಮುಂದೆ ಹೋದರೆ ಮಾಕಳಿ. ಅಲ್ಲಿರುವ ಹಿಮಾಲಯ ಔಷಧ ಕಂಪನಿಯನ್ನು ಈ ದಾರಿಯಲ್ಲಿ ಓಡಾಡುವವರೆಲ್ಲ ನೋಡಿರುತ್ತೀರಿ. ಕಂಪನಿ ಹುಟ್ಟಿದ್ದು ಇಲ್ಲಲ್ಲ, 1930ರಲ್ಲಿ ಡೆಹರಾಡೂನಿನಲ್ಲಿ. ಮಾಕಳಿಯ ಕಾರ್ಖಾನೆ ಬಂದದ್ದು 1975ರಲ್ಲಿ. ಅದರ ಸ್ಥಾಪಕ ಮನಾಲ್ ಎಂಬ ತರುಣ ಬರ್ಮಾದ ಕಾಡಿನಲ್ಲಿ ತಿರುಗುವಾಗ, ರೊಚ್ಚಿಗೆದ್ದ ಆನೆಗಳನ್ನು ಶಾಂತಗೊಳಿಸಲು ಮಾವುತರು ಒಂದು ಬೇರನ್ನು ತಿನ್ನಿಸುವುದನ್ನು ಕಂಡನಂತೆ. ಆ ಬೇರು ಸರ್ಪಗಂಧ. ಕೈಯಿಂದ ಒತ್ತುವ ಗುಳಿಗೆ ಯಂತ್ರದಲ್ಲಿ ತಯಾರಿಸಿ 1934ರಲ್ಲಿ ‘ಸರ್ಪಿನ’ ಎಂಬ ರಕ್ತದೊತ್ತಡದ ಗುಳಿಗೆಯನ್ನು ಹೊರತಂದ. ಇದು ಕಂಪನಿಯವರು ತಾವೇ ಹೇಳಿಕೊಂಡು ಬಂದಿರುವ ಕತೆ. ಆನೆಯ ಭಾಗವನ್ನು ನೀವು ಎಷ್ಟು ನಂಬುತ್ತೀರೋ ನಿಮಗೆ ಬಿಟ್ಟದ್ದು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರಲ್ಲ, ಗುಳಿಗೆ. ಬೇರಿನ ತುಂಡು ಒಂದರಂತೆ ಇನ್ನೊಂದು ಇರುವುದಿಲ್ಲ. ಗುಳಿಗೆ ಇರುತ್ತದೆ, ಇರಬೇಕು.

ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಈ ಗುಟ್ಟನ್ನು ಚೆನ್ನಾಗಿ ಬಲ್ಲವರು. ಹತ್ತು ವರ್ಷ ತಮ್ಮ ರೋಗಿಗಳಿಗೆ ಸರ್ಪಗಂಧ ಕೊಟ್ಟು, ಪ್ರತಿಯೊಬ್ಬರ ಒತ್ತಡವನ್ನೂ ಅಳೆದು ಬರೆದಿಟ್ಟು, 50 ರೋಗಿಗಳ ವಿವರವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಶ್ಚಿಮದ ಜಗತ್ತು ಎಚ್ಚೆತ್ತದ್ದು ಆಗ. ಏರಿದ ರಕ್ತದೊತ್ತಡಕ್ಕೆ ನೆಚ್ಚಬಹುದಾದ ಗುಳಿಗೆಯೇ ಇಲ್ಲದಿದ್ದ ಕಾಲವದು, ನೆನಪಿರಲಿ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಶ್ಲಿಟ್ಲರ್, ಮ್ಯೂಲರ್, ಬೈನ್ ಎಂಬ ಮೂವರು ಬೇರಿನ ಮುಖ್ಯ ಸತ್ವವನ್ನು ಬೇರ್ಪಡಿಸಿದರು. ಅದೇ ರೆಸರ್ಪಿನ್. 1954ರಲ್ಲಿ ನ್ಯೂಯಾರ್ಕ್ ಬಳಿಯ ಮಾನಸಿಕ ಆಸ್ಪತ್ರೆಯಲ್ಲಿ ನೇಥನ್ ಕ್ಲೈನ್ ಅದನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ. 1956ರಲ್ಲಿ ಅಮೆರಿಕದ ರಾಬರ್ಟ್ ವುಡ್‌ವರ್ಡ್ ಆ ಜಟಿಲ ಅಣುವನ್ನು ಪ್ರಯೋಗಶಾಲೆಯಲ್ಲೇ ಕಟ್ಟಿದ. 1957ರಲ್ಲಿ ವಕೀಲರಿಗೆ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಬಂತು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರನ್ನು ನಾನಂತೂ ಕಂಡಿಲ್ಲ.

ಎದ್ದು ಕುಳಿತ ಮೊಲಗಳು

ಈ ರೆಸರ್ಪಿನ್ ದೇಹದೊಳಗೆ ಮಾಡುವುದೇನು? ಮಕ್ಕಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ರಾಸಾಯನಿಕಗಳ ಮೂಲಕ. ನಾರ್‌ಅಡ್ರಿನಲಿನ್, ಡೋಪಮಿನ್, ಸೆರೊಟೊನಿನ್ ಅಂಥವು. ನರದ ತುದಿಯಲ್ಲಿ ಇವನ್ನು ತುಂಬಿಡಲು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ. ಸುದ್ದಿ ಬಂದಾಗ ಚೀಲದ ಬಾಯಿ ತೆರೆದು ರಾಸಾಯನಿಕ ಹೊರಚೆಲ್ಲುತ್ತದೆ. ಚೀಲಕ್ಕೆ ಸರಕು ತುಂಬುವ ಒಂದು ಪಂಪು ಇದೆ. ರೆಸರ್ಪಿನ್ ಹೋಗಿ ಹಿಡಿದುಕೊಳ್ಳುವುದು ಆ ಪಂಪನ್ನು. ತುಂಬುವುದು ನಿಂತಿತು. ಚೀಲದ ಹೊರಗೆ ಉಳಿದ ಸರಕನ್ನು ಅಲ್ಲೇ ಇರುವ ಕಿಣ್ವವೊಂದು ಅರೆದು ಮುಗಿಸುತ್ತದೆ. ಕೆಲವು ದಿನಗಳಲ್ಲಿ ಗೋದಾಮು ಖಾಲಿ. ನರ ‘ರಕ್ತನಾಳವನ್ನು ಬಿಗಿಮಾಡು’ ಎಂದು ಹೇಳಹೊರಟರೂ ಹೇಳಲು ಬಾಯಿಲ್ಲ. ನಾಳಗಳು ಸಡಿಲವಾಗುತ್ತವೆ, ಹೃದಯ ನಿಧಾನವಾಗುತ್ತದೆ, ಒತ್ತಡ ಇಳಿಯುತ್ತದೆ. ಇದು ಔಷಧ.

ಆದರೆ ಬೇರಿಗೆ ಬಿ.ಪಿ.ಯ ನರ ಯಾವುದು, ಬೇರೆಯ ನರ ಯಾವುದು ಎಂದು ಗೊತ್ತಿಲ್ಲವಲ್ಲ! ಮೂಗಿನ ಒಳಪದರದ ರಕ್ತನಾಳಗಳೂ ಸಡಿಲವಾಗಿ ಊದಿಕೊಳ್ಳುತ್ತವೆ. ಅದೇ ಆ ತಿಂಗಳುಗಟ್ಟಲೆಯ ‘ನೆಗಡಿ’. ಮಿದುಳಿನ ಗೋದಾಮುಗಳೂ ಬರಿದಾಗುತ್ತವೆ. ಮಂಪರು, ಮಂಕು, ಯಾವುದರಲ್ಲೂ ಮನಸ್ಸಿಲ್ಲ. ಡೋಪಮಿನ್ ತೀರ ಕಡಿಮೆಯಾದರೆ ಕೈನಡುಕ, ಮೈ ಬಿಗಿತ. 1950ರ ದಶಕದಲ್ಲಿ ರೆಸರ್ಪಿನ್ ಸೇವಿಸುತ್ತಿದ್ದ ಕೆಲವರು ತೀವ್ರ ಖಿನ್ನತೆಗೆ ಜಾರಿದ್ದನ್ನು ವೈದ್ಯರು ವರದಿ ಮಾಡಿದರು. ಅದು ಎಷ್ಟರಮಟ್ಟಿಗೆ ಔಷಧದಿಂದಲೇ ಆದದ್ದು ಎಂಬ ಬಗ್ಗೆ ಈಚಿನ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೂ ಖಿನ್ನತೆಯ ಇತಿಹಾಸವಿರುವವರಿಗೆ ಕೊಡಬಾರದೆಂಬ ಎಚ್ಚರಿಕೆ ಹೋಗಿಲ್ಲ.

ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಇದರ ಮೇಲೆ ನಡೆಸಿದ ಪ್ರಯೋಗವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ, ಹೇಳುವಾಗಲೆಲ್ಲ ನನಗೇ ಮೈ ಜುಮ್ಮೆನ್ನುತ್ತದೆ. ಮೊಲಗಳಿಗೆ ರೆಸರ್ಪಿನ್ ಕೊಟ್ಟ. ಅವು ಕಿವಿ ಇಳಿಬಿಟ್ಟು, ಕಲ್ಲಿನಂತೆ ಕದಲದೆ ಬಿದ್ದುಕೊಂಡವು. ಆಮೇಲೆ ಎಲ್-ಡೋಪಾ ಎಂಬ ವಸ್ತುವಿನ ಚುಚ್ಚುಮದ್ದು ಕೊಟ್ಟ. ದೇಹ ಅದರಿಂದ ಡೋಪಮಿನ್ ತಯಾರಿಸಿಕೊಳ್ಳಬಲ್ಲದು. ನಿಮಿಷಗಳಲ್ಲಿ ಮೊಲಗಳು ಕಿವಿ ನಿಮಿರಿಸಿ ಎದ್ದು ಓಡಾಡಿದವು! 1957ರ ಈ ಕೆಲಸದಿಂದಲೇ ಡೋಪಮಿನ್ನಿನ ಪಾತ್ರ ತಿಳಿದದ್ದು, ಪಾರ್ಕಿನ್ಸನ್ ಕಾಯಿಲೆಯವರಿಗೆ ಎಲ್-ಡೋಪಾ ಕೊಡುವ ದಾರಿ ತೆರೆದದ್ದು. 2000ನೇ ಇಸವಿಯಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು. ನಮ್ಮ ಕಾಡಿನ ಬೇರೊಂದು ಮಿದುಳಿನ ಬಾಗಿಲು ತೆರೆಯುವ ಕೀಲಿಕೈಯಾದದ್ದು ಹೀಗೆ.

ಒಂದು ಚಮಚದ ಲೆಕ್ಕ

ಈಗ ಬಾಟಲಿಗೆ ಬರೋಣ. ರಕ್ತದೊತ್ತಡಕ್ಕೆ ರೆಸರ್ಪಿನ್ನಿನ ದಿನದ ಪ್ರಮಾಣ ಸಾಮಾನ್ಯವಾಗಿ 0.1ರಿಂದ 0.25 ಮಿಲಿಗ್ರಾಂ. ಒಂದು ಗ್ರಾಮಿನ ಸಾವಿರದಲ್ಲೊಂದು ಭಾಗ ಮಿಲಿಗ್ರಾಂ, ಅದರಲ್ಲೂ ಕಾಲು. ಅಮೆರಿಕದ ಔಷಧ ಸಂಹಿತೆಯ ಪ್ರಕಾರ ಒಳ್ಳೆಯ ಸರ್ಪಗಂಧದ ಬೇರಿನಲ್ಲಿ ರೆಸರ್ಪಿನ್ ಮತ್ತು ಅದರ ಜೊತೆಯ ರೆಸಿನ್ನಮಿನ್ ಸೇರಿ ಕನಿಷ್ಠ ಶೇ 0.15 ಇರಬೇಕು. ಅಂದರೆ 1 ಗ್ರಾಂ ಪುಡಿಗೆ 1.5 ಮಿಲಿಗ್ರಾಂ. ನಮ್ಮ ಪ್ರಯೋಗಶಾಲೆಯ ತಕ್ಕಡಿಯಲ್ಲಿ ಮಕ್ಕಳು ಅದೇ ಪುಡಿಯನ್ನು ತೂಗಿದರು. ಮಟ್ಟಸವಾದ ಒಂದು ಚಮಚ ಸುಮಾರು 2 ಗ್ರಾಂ. ಎರಡು ಹೊತ್ತಿಗೆ 4 ಗ್ರಾಂ. ಸತ್ವ 6 ಮಿಲಿಗ್ರಾಂ. 0.25ರಿಂದ ಭಾಗಿಸಿ ಎಂದೆ. ಕಪ್ಪುಹಲಗೆಯ ಮೇಲೆ 24 ಎಂದು ಬರೆದ ಹುಡುಗ, ಅದೇ ಮನೆಯವನು, ಸುಣ್ಣದ ಕಡ್ಡಿ ಹಿಡಿದು ಹಾಗೇ ನಿಂತುಬಿಟ್ಟ.

ಬೇರು ಅಸಲಿ ಎಂದುಕೊಂಡ ಲೆಕ್ಕ ಇದು. ಇಡೀ ಬೇರಿನ ಪುಡಿ ಶುದ್ಧ ರೆಸರ್ಪಿನ್ನಿನಷ್ಟೇ ಪೂರ್ತಿಯಾಗಿ ಮೈಗೂಡುವುದಿಲ್ಲ ಎಂಬುದೂ ನಿಜ. ಆ ಪುಡಿಯಲ್ಲಿ ಬೆರಕೆ ಇದ್ದಿರಬಹುದು, ಇದ್ದದ್ದೇ ಆ ಮನುಷ್ಯನ ಪುಣ್ಯವೂ ಇರಬಹುದು! ಇನ್ನೊಂದು ವಿಷಯ. ರೆಸರ್ಪಿನ್ನಿನ ಪರಿಣಾಮ ಕೂಡಲೇ ಕಾಣುವುದಿಲ್ಲ, ದಿನಗಳು, ವಾರಗಳು ಹಿಡಿಯುತ್ತದೆ. ನಿಲ್ಲಿಸಿದರೂ ವಾರಗಟ್ಟಲೆ ಉಳಿಯುತ್ತದೆ. ಇವತ್ತು ತಿಂದದ್ದಕ್ಕೆ ಮುಂದಿನ ತಿಂಗಳು ಮಂಕು ಬಂದರೆ ಯಾರು ತಾನೇ ಬಾಟಲಿಯ ಮೇಲೆ ಅನುಮಾನ ಪಡುತ್ತಾರೆ? ‘ಕೆಲಸದ ಒತ್ತಡ’, ‘ನೈಟ್ ಶಿಫ್ಟ್’, ‘ಮಳೆಗಾಲದ ನೆಗಡಿ’ ಎಂದೇ ಮನೆಯವರು ಅಂದುಕೊಂಡಿದ್ದರು.

ಆಯುರ್ವೇದವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಓದಿದ ಆಯುರ್ವೇದ ವೈದ್ಯರು ಸರ್ಪಗಂಧವನ್ನು ತೂಗಿಯೇ ಕೊಡುತ್ತಾರೆ, ನಾಡಿ ನೋಡುತ್ತಾರೆ, ಬೇರೆ ಏನು ಔಷಧ ಸೇವಿಸುತ್ತಿದ್ದೀರಿ ಎಂದು ಕೇಳುತ್ತಾರೆ. ಕೇಳದವರು ಫುಟ್‌ಪಾತಿನ ಟಾರ್ಪಾಲಿನ ಮೇಲೆ ಕುಳಿತವರು. ಅವರೂ ಕೆಟ್ಟವರೆಂದಲ್ಲ, ಅವರಿಗೂ ಯಾರೋ ‘ಇದು ಸರ್ಪಗಂಧ’ ಎಂದು ಹೇಳಿ ಕೊಟ್ಟಿರುತ್ತಾರೆ. ಗರ್ಭಿಣಿಯರು, ಹೊಟ್ಟೆಹುಣ್ಣು ಇರುವವರು, ಮನಸ್ಸು ಕುಗ್ಗಿದವರು ಇದರ ಹತ್ತಿರ ಹೋಗಬಾರದು ಎಂದು ಅಲ್ಲಿ ಹೇಳುವವರಿಲ್ಲ. ಹಾಗೆಂದು ಈ ಲೇಖನ ಓದಿ ಯಾರೂ ತಮ್ಮ ಬಿ.ಪಿ. ಗುಳಿಗೆಯನ್ನು ತಾವೇ ನಿಲ್ಲಿಸಬೇಡಿ. ಅದೂ ಅಪಾಯವೇ. ಮನೆಯಲ್ಲಿ ಇಂಥ ಪುಡಿ ಇದ್ದರೆ ವೈದ್ಯರ ಬಳಿ ಹೋಗುವಾಗ ಬಾಟಲಿಯನ್ನೂ ಒಯ್ಯಿರಿ. ಮುಚ್ಚಿಡುವುದರಿಂದ ನಷ್ಟ ನಿಮಗೇ.

ಪುಡಿಯಾದ ಮೇಲೆ ಬೇರಿನ ಜಾತಿ ಹೇಳುವುದು ಹೇಗೆ? ಕಣ್ಣಿನಿಂದ ಸಾಧ್ಯವಿಲ್ಲ. ಶಾಯಿಯ ಚುಕ್ಕೆಯನ್ನು ಸೋಸುಕಾಗದದ ಮೇಲಿಟ್ಟು ನೀರಿನಲ್ಲಿ ನಿಲ್ಲಿಸಿದಾಗ ಬಣ್ಣಗಳು ಬೇರೆ ಬೇರೆ ಎತ್ತರಕ್ಕೆ ಏರುತ್ತವಲ್ಲ, ಅದೇ ತತ್ವ. ಗಿಡದ ಸಾರವನ್ನು ಹಾಗೆ ಓಡಿಸಿ, ಶುದ್ಧ ಮಾದರಿಯ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಸ್ವಾರಸ್ಯವೆಂದರೆ ಈ ಕೆಲಸ ನಮ್ಮ ಊರಿನ ಅಂಚಿನಲ್ಲೇ ನಡೆಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಿನ ವೀರಸಂದ್ರದಲ್ಲಿ ನ್ಯಾಚುರಲ್ ರೆಮಿಡೀಸ್ ಎಂಬ ಸಂಸ್ಥೆ ಗಿಡಗಳಿಂದ ಇಂಥ ಶುದ್ಧ ಮಾದರಿ ವಸ್ತುಗಳನ್ನು ತಯಾರಿಸುತ್ತದೆ. ಪೀಣ್ಯದ ಸಾಮಿ-ಸಬಿನ್ಸ (ಹಿಂದಿನ ಸಾಮಿ ಲ್ಯಾಬ್ಸ್) ಮಕಂದಿ ಬೇರು, ಅರಿಸಿನಗಳಿಂದ ಅಳತೆಗೊಳಪಟ್ಟ ಸಾರ ತೆಗೆಯುತ್ತದೆ. ಗೋಡೆಯ ಒಳಗೆ ಹತ್ತು ಸಾವಿರದಲ್ಲಿ ಒಂದು ಭಾಗವನ್ನು ಅಳೆಯುವ ಯಂತ್ರಗಳು, ಗೋಡೆಯ ಹೊರಗೆ ಫುಟ್‌ಪಾತಿನಲ್ಲಿ ‘ಒಂದು ಚಮಚ ಹಾಕ್ಕೊಳ್ಳಿ’!

ಗಿಡದ ಪಾಡೂ ಚೆನ್ನಾಗಿಲ್ಲ. ಎಲೆ ಕಿತ್ತರೆ ಗಿಡ ಚಿಗುರೀತು, ಬೇರು ಕಿತ್ತರೆ? ರೆಸರ್ಪಿನ್ ಹೆಸರಾದ ಮೇಲೆ ನಮ್ಮ ಕಾಡುಗಳಿಂದ ಸರ್ಪಗಂಧವನ್ನು ಎಡೆಬಿಡದೆ ಅಗೆದರು. ಬೀಜದಿಂದ ಬೆಳೆಸೋಣವೆಂದರೆ ಬಹುಪಾಲು ಬೀಜ ಮೊಳೆಯುವುದೇ ಇಲ್ಲ. 1990ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ನಿಯಂತ್ರಿತ ಪಟ್ಟಿಗೆ ಇದನ್ನು ಸೇರಿಸಲಾಯಿತು. ಕಾಡಿನಿಂದ ಕಿತ್ತ ಬೇರಿನ ರಫ್ತಿಗೆ ಭಾರತದಲ್ಲಿ ನಿಷೇಧವಿದೆ. ಗಿಡವನ್ನು ಕಣ್ಣಾರೆ ನೋಡಬೇಕೆನ್ನುವವರು ಯಲಹಂಕದ ಬಳಿ ಜಾರಕಬಂಡೆ ಕಾವಲಿನಲ್ಲಿರುವ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯ ಔಷಧಿ ವನದಲ್ಲಿ ವಿಚಾರಿಸಬಹುದು. 1993ರಲ್ಲಿ ಶುರುವಾದ ಈ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಔಷಧಿ ಸಸ್ಯಗಳಿಗೆಂದೇ ಕಾಡಿನ ತುಣುಕುಗಳನ್ನು ಕಾಯುವ ಕೆಲಸ ಮಾಡಿದೆ. ನಮ್ಮ ಮಾಗಡಿ ದಿಕ್ಕಿನ ಸಾವನದುರ್ಗದಲ್ಲೂ ಅಂಥದ್ದೊಂದು ತಾಣವಿದೆ.

ಹುಡುಗನ ತಂದೆ ಸುಧಾರಿಸಿಕೊಳ್ಳಲು ಒಂದೂವರೆ ತಿಂಗಳು ಹಿಡಿಯಿತು. ಮೊದಲು ಮೂಗು ಬಿಟ್ಟಿತು, ಆಮೇಲೆ ಮಾತು ಬಂತು. ಕಾರ್ಖಾನೆಯವರು ಕೆಲವು ದಿನ ಪ್ರೆಸ್ಸಿನ ಬದಲು ಪ್ಯಾಕಿಂಗಿಗೆ ಹಾಕಿದ್ದರು, ಈಗ ಮತ್ತೆ ಪ್ರೆಸ್ಸಿಗೇ ಮರಳಿದ್ದಾರೆ. ದಾರಿಯಲ್ಲಿ ಸಿಕ್ಕಾಗ ‘ಸರ, ನಮ್ಮ ಹುಡುಗ ನನ್ನ ಚಾಕ್ಕೂ ಸಕ್ರಿ ತೂಗಿ ಹಾಕ್ತಾನ್ರಿ’ ಎಂದು ನಗುತ್ತಾರೆ.

ಉಳಿದ ಪುಡಿಯ ಬಾಟಲಿ ಶಾಲೆಯ ಪ್ರಯೋಗಶಾಲೆಯ ಬೀರುವಿನಲ್ಲಿ, ಮೈಲುತುತ್ತದ ಪಕ್ಕ, ಬೀಗದೊಳಗಿದೆ. ಅದಕ್ಕೆ ಚೀಟಿ ಅಂಟಿಸಲು ಹುಡುಗನಿಗೇ ಹೇಳಿದ್ದೆ. ‘ಸರ್ಪಗಂಧ’ ಎಂದು ದುಂಡಗೆ ಬರೆದ. ಒಂದು ಕ್ಷಣ ಯೋಚಿಸಿ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ.